ತಪ್ಪು ಸೊಳ್ಳೆಗಳ ಎರಡು ವರ್ಷ: ರೊನಾಲ್ಡ್ ರಾಸ್ ಜೀವನವನ್ನು ತರಗತಿಗೆ ಒಯ್ದ ಅನುಭವ

ಬೋಧನಾಭ್ಯಾಸದ ಎರಡನೇ ವಾರ ನನಗೆ ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠ ಸಿಕ್ಕಿತು. ಅದರಲ್ಲಿ ಮಲೇರಿಯಾದ ಭಾಗಕ್ಕೆ ಒಂದು ಅವಧಿ ಇಟ್ಟುಕೊಂಡಿದ್ದೆ. ಎರಡು ರಾತ್ರಿ ಕೂತು ಡ್ರಾಯಿಂಗ್ ಶೀಟಿನ ಮೇಲೆ ಪ್ಲಾಸ್ಮೋಡಿಯಂನ ಜೀವನಚಕ್ರ ಬರೆದೆ. ಸೊಳ್ಳೆಯ ಕಡಿತ, ಮನುಷ್ಯನ ಯಕೃತ್ತು, ಕೆಂಪು ರಕ್ತಕಣ, ಸೊಳ್ಳೆಯ ಹೊಟ್ಟೆ, ಸೊಳ್ಳೆಯ ಲಾಲಾಗ್ರಂಥಿ, ಮತ್ತೆ ಕಡಿತ. ಎಲ್ಲವನ್ನೂ ಕೆಂಪು ಬಾಣಗಳಿಂದ ಜೋಡಿಸಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಕಂಡುಹಿಡಿದವರು ಸರ್ ರೊನಾಲ್ಡ್ ರಾಸ್, 1897 ಎಂದು ಬರೆದೆ.

ಪಾಠ ಯೋಜನೆಯಂತೆಯೇ ನಡೆಯಿತು. ರಾಸ್ ಎರಡು ವರ್ಷ ಕಷ್ಟಪಟ್ಟು ಇದನ್ನು ಕಂಡುಹಿಡಿದರು ಎಂದು ಹೇಳಿ ಮುಗಿಸುವಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಸೊಳ್ಳೆ ಕಚ್ಚಿದರೆ ಮಲೇರಿಯಾ ಬರುತ್ತದೆ ಎಂದು ನಮ್ಮಜ್ಜಿಗೂ ಗೊತ್ತು ಮಿಸ್, ಅಷ್ಟು ದೊಡ್ಡ ಡಾಕ್ಟರಿಗೆ ಅದನ್ನು ತಿಳಿಯಲು ಎರಡು ವರ್ಷ ಯಾಕೆ ಬೇಕಾಯಿತು ಎಂದು ಕೇಳಿದಳು. ಆಗಿನ ಕಾಲದಲ್ಲಿ ಒಳ್ಳೆಯ ಉಪಕರಣಗಳಿರಲಿಲ್ಲ ಎಂದು ಹೇಳಿ ಮೌಲ್ಯಮಾಪನದ ಪ್ರಶ್ನೆಗಳಿಗೆ ಹೋದೆ. ಅವಳು ಕೂತಳು, ಆದರೆ ಒಪ್ಪಿದಂತೆ ಕಾಣಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನಮ್ಮ ಮಾರ್ಗದರ್ಶಿ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಚಾರ್ಟನ್ನು ಮೆಚ್ಚಿ ಬರೆದಿದ್ದರು. ಅದರ ಕೆಳಗೆ, ಮಗು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ ಎಂಬರ್ಥದ ಒಂದು ಸಾಲೂ ಇತ್ತು.

ಉತ್ತರ ನನಗೇ ಗೊತ್ತಿರಲಿಲ್ಲ. ಆ ವಾರವೆಲ್ಲ ರಾಸ್ ಅವರ ಜೀವನವನ್ನು ಓದಿದೆ. ಓದಿದ್ದನ್ನು ಮತ್ತು ಅದರಿಂದ ನನ್ನ ಎರಡನೇ ಪಾಠ ಬದಲಾದ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮನಸ್ಸಿಲ್ಲದೆ ವೈದ್ಯರಾದವರು

ರೊನಾಲ್ಡ್ ರಾಸ್ ಹುಟ್ಟಿದ್ದು ಭಾರತದಲ್ಲಿ, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ದಿನಾಂಕ 1857ರ ಮೇ 13. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರು ದಿನವಾಗಿತ್ತು. ತಂದೆ ಬ್ರಿಟಿಷರ ಭಾರತೀಯ ಸೇನೆಯ ಅಧಿಕಾರಿ. ಹತ್ತು ಮಕ್ಕಳಲ್ಲಿ ಹಿರಿಯನಾದ ರೊನಾಲ್ಡ್‌ನನ್ನು ಎಂಟು ವರ್ಷಕ್ಕೇ ಓದಲು ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಕವಿತೆ, ಸಂಗೀತ, ಚಿತ್ರಕಲೆ ಮತ್ತು ಗಣಿತದಲ್ಲಿ ಆಸೆ. ತಂದೆಗೆ ಮಗ ವೈದ್ಯನಾಗಬೇಕು. ತಂದೆಯ ಮಾತೇ ನಡೆಯಿತು. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಕಾಲೇಜಿನಲ್ಲಿ ರಾಸ್ ಓದಿದ್ದು ಅರೆಮನಸ್ಸಿನಿಂದ. ಒಂದು ಪರೀಕ್ಷೆಯಲ್ಲಿ ಫೇಲಾದರು, ಹಡಗಿನ ವೈದ್ಯರಾಗಿ ಕೆಲಸ ಮಾಡಿದರು, ಮತ್ತೆ ಕಟ್ಟಿ ಪಾಸಾದರು. 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

ಸೇವೆಯ ಆರಂಭದಲ್ಲಿ ಅವರ ಹೆಚ್ಚಿನ ಸಮಯ ಕವಿತೆ, ಕಾದಂಬರಿ, ಗಣಿತಗಳಲ್ಲಿ ಕಳೆಯಿತು. ಆ ದಿನಗಳ ಒಂದು ಘಟನೆ ನಮ್ಮ ಬೆಂಗಳೂರಿನದು. 1883ರಲ್ಲಿ ಅವರು ಇಲ್ಲಿನ ದಂಡಿನಲ್ಲಿ ವೈದ್ಯರಾಗಿ ಬಂದಾಗ ವಾಸಕ್ಕೆ ಸಿಕ್ಕ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದುದನ್ನು ಅವರು ಗಮನಿಸಿದರು. ತೊಟ್ಟಿಯನ್ನು ಬರಿದು ಮಾಡಿಸಿದರು, ಕಾಟ ಇಳಿಯಿತು. ಉಳಿದ ಕಡೆಯೂ ಹೀಗೆ ಮಾಡೋಣವೆಂದಾಗ ಅಲ್ಲಿನ ಅಧಿಕಾರಿಯೊಬ್ಬರು ಒಪ್ಪಲಿಲ್ಲ. ಸೊಳ್ಳೆಗೂ ಜ್ವರಕ್ಕೂ ನಂಟಿದೆಯೆಂಬ ಯೋಚನೆ ಆಗ ರಾಸ್ ಅವರಿಗೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ರಾತ್ರಿಯ ನಿದ್ದೆ ಮಾತ್ರ.

ನೀರೋ, ಗಾಳಿಯೋ, ಸೊಳ್ಳೆಯೋ

ಮಲೇರಿಯಾ ಎಂಬ ಇಟಾಲಿಯನ್ ಪದದ ಅರ್ಥ ಕೆಟ್ಟ ಗಾಳಿ. ಜೌಗು ನೆಲದಿಂದ ಏಳುವ ಗಾಳಿಯಿಂದ ಚಳಿಜ್ವರ ಬರುತ್ತದೆಂದು ಶತಮಾನಗಳ ಕಾಲ ವೈದ್ಯರೂ ನಂಬಿದ್ದರು. 1880ರ ನವೆಂಬರ್ 6ರಂದು ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಅಲ್ಫೋನ್ಸ್ ಲ್ಯಾವೆರಾನ್ ರೋಗಿಯೊಬ್ಬನ ರಕ್ತದಲ್ಲಿ ಚಲಿಸುವ ಜೀವಿಯನ್ನು ಕಂಡರು. ಅದು ಬ್ಯಾಕ್ಟೀರಿಯಾ ಆಗಿರಲಿಲ್ಲ. ಸ್ಪಷ್ಟ ಕೋಶಕೇಂದ್ರವಿರುವ, ಒಂದೇ ಜೀವಕೋಶದ ಪರಾವಲಂಬಿಯಾಗಿತ್ತು. ಅದು ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ, ತಿಂದುಳಿದದ್ದನ್ನು ಕಪ್ಪು ಕಣಗಳಾಗಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಈ ಕಪ್ಪು ಕಣಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ರಾಸ್ ಮೊದಲು ಲ್ಯಾವೆರಾನ್ ಮಾತನ್ನು ನಂಬಲಿಲ್ಲ. ತಾವು ಎಷ್ಟು ರಕ್ತ ನೋಡಿದರೂ ಅದು ಕಂಡಿರಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ತಮ್ಮ ಸೂಕ್ಷ್ಮದರ್ಶಕದಲ್ಲಿ ಅದನ್ನು ತೋರಿಸಿದರು. ಆನೆಕಾಲು ರೋಗದ ಹುಳು ಸೊಳ್ಳೆಯೊಳಗೆ ಬೆಳೆಯುತ್ತದೆ ಎಂದು ಹಿಂದೆ ಚೀನಾದಲ್ಲಿ ಕಂಡುಕೊಂಡಿದ್ದವರು ಮ್ಯಾನ್ಸನ್. ಮಲೇರಿಯಾದ ಜೀವಿಯೂ ಸೊಳ್ಳೆಯೊಳಗೆ ಬೆಳೆಯುತ್ತಿರಬಹುದೆಂದು ಅವರು ಊಹಿಸಿದ್ದರು. ಆದರೆ ಆ ಊಹೆಯ ಅರ್ಧ ಭಾಗ ತಪ್ಪು. ಸೊಳ್ಳೆ ಒಮ್ಮೆ ರಕ್ತ ಕುಡಿದು, ನೀರಿನ ಮೇಲೆ ಮೊಟ್ಟೆಯಿಟ್ಟು ಸಾಯುತ್ತದೆ, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಎಂದು ಅವರ ಎಣಿಕೆಯಾಗಿತ್ತು.

ಈ ಎಣಿಕೆಯನ್ನೇ ಹೊತ್ತು ರಾಸ್ 1895ರಲ್ಲಿ ಸಿಕಂದರಾಬಾದಿಗೆ ಬಂದರು.

ತಪ್ಪು ಸೊಳ್ಳೆಗಳು

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಮುಂದಿನ ಎರಡು ವರ್ಷಗಳಲ್ಲಿದೆ. ಓದುತ್ತಾ ನಾಲ್ಕು ಕಾರಣಗಳನ್ನು ಗುರುತು ಹಾಕಿಕೊಂಡೆ.

ಮೊದಲನೆಯದು, ಊಹೆಯೇ ಅರ್ಧ ತಪ್ಪಾಗಿತ್ತು. ರೋಗಿಯನ್ನು ಕಚ್ಚಿದ ಸೊಳ್ಳೆಗಳು ಸತ್ತ ನೀರನ್ನು ರಾಸ್ ಹಣ ಕೊಟ್ಟು ಕೆಲವರಿಗೆ ಕುಡಿಸಿ ನೋಡಿದರು. ಖಚಿತವಾಗಿ ಏನೂ ತಿಳಿಯಲಿಲ್ಲ.

ಎರಡನೆಯದು, ಸೊಳ್ಳೆಗಳಲ್ಲಿ ಹಲವು ಜಾತಿಗಳಿವೆ ಎಂಬುದು ಎಷ್ಟು ಮುಖ್ಯವೆಂದು ಯಾರಿಗೂ ಹೊಳೆದಿರಲಿಲ್ಲ. ರಾಸ್ ಬಳಿ ಕೀಟಗಳನ್ನು ಗುರುತಿಸುವ ಒಳ್ಳೆಯ ಪುಸ್ತಕವೂ ಇರಲಿಲ್ಲ. ಬೂದು ಸೊಳ್ಳೆ, ಪಟ್ಟೆ ಸೊಳ್ಳೆ ಎಂದು ತಾವೇ ಹೆಸರಿಟ್ಟುಕೊಂಡರು. ಇಂದು ನಾವು ಅವನ್ನು ಕ್ಯೂಲೆಕ್ಸ್ ಮತ್ತು ಈಡಿಸ್ ಎನ್ನುತ್ತೇವೆ. ಮನುಷ್ಯರ ಮಲೇರಿಯಾ ಪರಾವಲಂಬಿ ಇವುಗಳ ದೇಹದಲ್ಲಿ ಬೆಳೆಯುವುದಿಲ್ಲ. ಸಾವಿರ ಸೊಳ್ಳೆ ಕೊಯ್ದರೂ ಅಲ್ಲಿ ಕಾಣುವುದಕ್ಕೆ ಏನೂ ಇರಲಿಲ್ಲ.

ಮೂರನೆಯದು, ಹುಡುಕುತ್ತಿದ್ದ ವಸ್ತುವಿನ ರೂಪವೇ ಗೊತ್ತಿರಲಿಲ್ಲ. ಸೊಳ್ಳೆಯೊಳಗೆ ಪರಾವಲಂಬಿ ಯಾವ ಅಂಗದಲ್ಲಿ, ಯಾವ ಆಕಾರದಲ್ಲಿ, ಎಷ್ಟು ದಿನಕ್ಕೆ ಕಾಣಬಹುದು ಎಂಬುದಕ್ಕೆ ಯಾವ ಚಿತ್ರವೂ ಇರಲಿಲ್ಲ. ನನ್ನ ಚಾರ್ಟು ಅವರ ಬಳಿ ಇರಲಿಲ್ಲ, ಅದನ್ನು ಅವರೇ ಬರೆಯಬೇಕಿತ್ತು.

ನಾಲ್ಕನೆಯದು ನಮಗೆಲ್ಲ ಪರಿಚಿತವಾದ ಕಾರಣ: ವರ್ಗಾವಣೆ. 1895ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡು ಅವರನ್ನು ಇಲ್ಲಿಗೆ ಕರೆಸಿಕೊಂಡರು. ಊರಿನ ನೈರ್ಮಲ್ಯದ ಕೆಲಸ ಅವರ ಹೆಗಲಿಗೆ ಬಂತು, ಸೊಳ್ಳೆಯ ಕೆಲಸ ಹಿಂದೆ ಬಿತ್ತು. 1897ರಲ್ಲಿ ಊಟಿಯ ಹತ್ತಿರದ ಸಿಗೂರ್ ಘಾಟಿನಲ್ಲಿ ಮಲೇರಿಯಾ ಹುಡುಕಲು ಹೋಗಿ ತಾವೇ ಆ ಜ್ವರಕ್ಕೆ ಬಿದ್ದರು. ಗುಣವಾದ ಮೇಲೆ ಜೂನ್ ತಿಂಗಳಿನಲ್ಲಿ ಸಿಕಂದರಾಬಾದಿಗೆ ಮರಳಿದರು.

ಆಗಸ್ಟ್ 20

ಬೇಗಂಪೇಟೆಯ ಆಸ್ಪತ್ರೆಯಲ್ಲಿ ಆ ಆಗಸ್ಟ್ ವಿಪರೀತ ಸೆಕೆ. ಪಂಕಾ ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಅದನ್ನೂ ಬೀಸಿಸುವಂತಿರಲಿಲ್ಲ. ಕೈಯ ಮತ್ತು ಹಣೆಯ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಐಪೀಸ್ ಬಿರುಕು ಬಿಟ್ಟಿತ್ತು. ಸಹಾಯಕರು ತಂದ ಮರಿಗಳಿಂದ ಈ ಬಾರಿ ಹೊಸ ಬಗೆಯ ಕಂದು ಸೊಳ್ಳೆಗಳು ಹೊರಬಂದವು. ಅವುಗಳ ರೆಕ್ಕೆಯ ಮೇಲೆ ಚುಕ್ಕೆಗಳಿದ್ದವು. ಕೂತಾಗ ಹಿಂಭಾಗವನ್ನು ಮೇಲೆತ್ತುತ್ತಿದ್ದವು. ಇಂದಿನ ಹೆಸರು ಅನಾಫಿಲಿಸ್.

ಆಸ್ಪತ್ರೆಯಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯಿದ್ದ. ಒಂದು ಸೊಳ್ಳೆಯಿಂದ ಕಚ್ಚಿಸಿಕೊಂಡರೆ ಒಂದಾಣೆ ಎಂದು ಅವನಿಗೆ ಹಣ ಗೊತ್ತಾಯಿತು. ಆಗಸ್ಟ್ 16ರಂದು ಕಂದು ಸೊಳ್ಳೆಗಳು ಅವನ ರಕ್ತ ಕುಡಿದವು. ಆಮೇಲೆ ರಾಸ್ ಒಂದೊಂದನ್ನೇ ಕೊಯ್ದು ನೋಡುತ್ತಾ ಬಂದರು. ಕೆಲವು ತಾವಾಗಿಯೇ ಸತ್ತವು, ಕೊಯ್ದವುಗಳಲ್ಲಿ ಏನೂ ಸಿಗಲಿಲ್ಲ. 20ರಂದು ಉಳಿದಿದ್ದು ಎರಡೇ. ಅವುಗಳಲ್ಲೊಂದರ ಹೊಟ್ಟೆಯ ಗೋಡೆಯಲ್ಲಿ ದುಂಡಗಿನ ಕೋಶಗಳು ಕಂಡವು. ಸೊಳ್ಳೆಯ ಹೊಟ್ಟೆಯಲ್ಲಿ ಅಂಥ ಕೋಶಗಳನ್ನು ಅವರು ಅದುವರೆಗೆ ಕಂಡಿರಲಿಲ್ಲ. ಅವುಗಳೊಳಗೆ ಕಪ್ಪು ಕಣಗಳಿದ್ದವು, ರೋಗಿಯ ರಕ್ತದ ಪರಾವಲಂಬಿಯಲ್ಲಿ ಇರುವಂಥವೇ. ಮರುದಿನ ಕೊನೆಯ ಸೊಳ್ಳೆಯನ್ನು ಕೊಯ್ದರು. ಅದೇ ಕೋಶಗಳು ಅಲ್ಲಿ ಇನ್ನಷ್ಟು ದೊಡ್ಡದಾಗಿದ್ದವು. ಎಂದರೆ ಅವು ಬೆಳೆಯುತ್ತಿದ್ದವು, ಜೀವಂತವಾಗಿದ್ದವು.

ತಿಳಿದ ಗುರುತೊಂದನ್ನು ತಿಳಿಯದ ಜಾಗದಲ್ಲಿ ಕಂಡದ್ದರಿಂದ ಅವರಿಗೆ ಉತ್ತರ ಸಿಕ್ಕಿತು. ಉಪಕರಣ ಒಳ್ಳೆಯದಿರಲಿಲ್ಲ ಎಂದು ನಾನು ಮಕ್ಕಳಿಗೆ ಹೇಳಿದ್ದು ನಿಜವೇ. ಆದರೆ ಅದೇ ಬಿರುಕು ಬಿಟ್ಟ ಐಪೀಸಿನಲ್ಲಿಯೇ ಉತ್ತರವೂ ಕಂಡಿತ್ತು. ಬದಲಾಗಿದ್ದು ಸೊಳ್ಳೆ.

ಗುಬ್ಬಿಯ ಸಾಕ್ಷಿ

ಸೊಳ್ಳೆಯ ಹೊಟ್ಟೆಯಿಂದ ಪರಾವಲಂಬಿ ಮತ್ತೆ ಮನುಷ್ಯನಿಗೆ ಹೇಗೆ ಬರುತ್ತದೆ ಎಂಬುದು ಇನ್ನೂ ಉಳಿದಿತ್ತು. ಅಷ್ಟರಲ್ಲಿ ಮತ್ತೆ ವರ್ಗಾವಣೆ, ಈ ಬಾರಿ ರಜಪೂತಾನಕ್ಕೆ. ಅಲ್ಲಿ ಮಲೇರಿಯಾ ರೋಗಿಗಳು ಕಡಿಮೆ. 1898ರ ಫೆಬ್ರವರಿಯಲ್ಲಿ ಕಲ್ಕತ್ತಕ್ಕೆ ಬಂದರು. ಅಲ್ಲಿ ಪ್ಲೇಗಿನ ಭಯ, ಚುಚ್ಚುಮದ್ದಿನ ಭಯ. ರಕ್ತಕ್ಕಾಗಿ ಬೆರಳು ಕೊಡಲು ಜನ ಮುಂದೆ ಬರಲಿಲ್ಲ. ರಾಸ್ ಹಕ್ಕಿಗಳ ಕಡೆ ತಿರುಗಿದರು. ಹಕ್ಕಿಗಳಿಗೂ ಮಲೇರಿಯಾ ಬರುತ್ತದೆ, ಅದನ್ನು ತರುವ ಜೀವಿ ಮನುಷ್ಯರ ಪರಾವಲಂಬಿಯ ಹತ್ತಿರದ ಸಂಬಂಧಿ. ಸಹಾಯಕ ಮೊಹಮ್ಮದ್ ಬಕ್ಸ್ ಜೊತೆ ಸೇರಿ, ರೋಗವಿದ್ದ ಹಕ್ಕಿಗಳ ರಕ್ತ ಕುಡಿದ ಸೊಳ್ಳೆಗಳನ್ನು ದಿನದಿನವೂ ಕೊಯ್ದು ನೋಡಿದರು. ಹೊಟ್ಟೆಯ ಗೋಡೆಯ ಕೋಶಗಳು ದೊಡ್ಡದಾಗಿ ಒಡೆದು, ಅದರಿಂದ ಹೊರಬಿದ್ದ ಸೂಜಿಯಂಥ ಎಳೆಗಳು ಸೊಳ್ಳೆಯ ಮೈಯೆಲ್ಲ ಹರಡಿ ಕೊನೆಗೆ ಲಾಲಾಗ್ರಂಥಿಯನ್ನು ಸೇರುತ್ತಿದ್ದವು. ಜುಲೈ ತಿಂಗಳಿನಲ್ಲಿ ಅಂಥ ಸೊಳ್ಳೆಗಳಿಂದ ಆರೋಗ್ಯವಂತ ಗುಬ್ಬಿಗಳನ್ನು ಕಚ್ಚಿಸಿದರು. ಗುಬ್ಬಿಗಳ ರಕ್ತದಲ್ಲಿ ಪರಾವಲಂಬಿ ತುಂಬಿಕೊಂಡಿತು. ರೋಗ ಬರುವುದು ನೀರಿನಿಂದಲ್ಲ, ಕಡಿತದಿಂದ ಎಂದು ಸಿದ್ಧವಾಯಿತು.

ಶಿಕ್ಷಕರು ಇಲ್ಲಿ ಎಚ್ಚರ ವಹಿಸಬೇಕು. ಹಕ್ಕಿಯ ಮಲೇರಿಯಾವನ್ನು ರಾಸ್ ಪ್ರಯೋಗದಲ್ಲಿ ಹರಡಿದ್ದು ಬೂದು ಸೊಳ್ಳೆ, ಅಂದರೆ ಕ್ಯೂಲೆಕ್ಸ್. ಮನುಷ್ಯರದ್ದನ್ನು ಹರಡುವುದು ಅನಾಫಿಲಿಸ್. ಮನುಷ್ಯನಿಂದ ಮನುಷ್ಯನಿಗೆ ಅನಾಫಿಲಿಸ್ ಮೂಲಕ ಇದು ಹರಡುವುದನ್ನು 1898ರ ಕೊನೆಯಲ್ಲಿ ತೋರಿಸಿದವರು ಇಟಲಿಯ ಗ್ರಾಸ್ಸಿ, ಬಿಗ್ನಾಮಿ ಮತ್ತು ಬಾಸ್ಟಿಯಾನೆಲ್ಲಿ. ನನ್ನ ಚಾರ್ಟು ಇದೆಲ್ಲವನ್ನೂ ಒಬ್ಬರ ಹೆಸರಿಗೆ, ಒಂದೇ ಇಸವಿಗೆ ಬರೆದಿತ್ತು.

ಪ್ರಶಸ್ತಿ, ಜಗಳ, ಗಣಿತ

ರಾಸ್ 1899ರಲ್ಲಿ ಭಾರತ ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು. 1902ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂತು, ಗ್ರಾಸ್ಸಿಗೆ ಪಾಲು ಸಿಗಲಿಲ್ಲ. ಮೊದಲು ಕಂಡವರು ಯಾರು ಎಂಬ ವಿಷಯದಲ್ಲಿ ಇಬ್ಬರ ನಡುವೆ ವರ್ಷಗಟ್ಟಲೆ ಕಹಿ ಜಗಳ ನಡೆಯಿತು. ರಾಸ್ ಆ ಜಗಳದಲ್ಲಿ ಉದಾರವಾಗಿ ನಡೆದುಕೊಳ್ಳಲಿಲ್ಲ. ಮಕ್ಕಳಿಗೆ ಮಹನೀಯರ ಬದುಕು ಹೇಳುವಾಗ ಇದನ್ನು ಮುಚ್ಚಿಡಬೇಕಾಗಿಲ್ಲ ಎಂದು ನನಗನಿಸುತ್ತದೆ.

ಎಳೆಯ ವಯಸ್ಸಿನ ಗಣಿತಪ್ರೀತಿ ನಂತರ ಫಲ ಕೊಟ್ಟಿತು. ಸಿಯೆರಾ ಲಿಯೋನ್, ಈಜಿಪ್ಟಿನ ಇಸ್ಮಾಯಿಲಿಯಾ, ಮಾರಿಷಸ್‌ಗಳಲ್ಲಿ ಮಲೇರಿಯಾ ತಡೆಯಲು ಓಡಾಡಿದ ರಾಸ್, ರೋಗ ಹರಡುವ ರೀತಿಯನ್ನು ಸಮೀಕರಣಗಳಲ್ಲಿ ಬರೆದರು. ಮಲೇರಿಯಾ ನಿಲ್ಲಿಸಲು ಊರಿನ ಪ್ರತಿ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ, ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ರೋಗ ತಾನಾಗಿ ಕರಗುತ್ತದೆ ಎಂದು ಅವು ತೋರಿಸಿದವು. ಬೆಂಗಳೂರಿನ ತೊಟ್ಟಿ ಬರಿದು ಮಾಡಿದವರ ಕೈಗೆ ಈಗ ಅದಕ್ಕೊಂದು ಲೆಕ್ಕ ಸಿಕ್ಕಿತ್ತು. ಇಂದು ಸಾಂಕ್ರಾಮಿಕ ರೋಗಗಳ ಗಣಿತ ನಿಂತಿರುವ ಅಡಿಪಾಯಗಳಲ್ಲಿ ಅದೂ ಒಂದು. 1932ರ ಸೆಪ್ಟೆಂಬರ್ 16ರಂದು ರಾಸ್ ಲಂಡನ್ನಿನಲ್ಲಿ ತೀರಿಕೊಂಡರು.

ರಾಸ್ ಕಾಣದೇ ಹೋದದ್ದು

ಚಾರ್ಟಿನ ಮೇಲೆ ನಾನು ಬರೆದಿದ್ದ ಯಕೃತ್ತಿನ ಹಂತ ರಾಸ್ ಅವರಿಗೆ ಗೊತ್ತೇ ಇರಲಿಲ್ಲ. ಸೊಳ್ಳೆ ಕಚ್ಚಿದ ಮೇಲೆ ಪರಾವಲಂಬಿ ಮೊದಲು ಯಕೃತ್ತಿನಲ್ಲಿ ಬೆಳೆಯುತ್ತದೆ ಎಂದು ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ತೋರಿಸಿದ್ದು 1948ರಲ್ಲಿ.

ರಾಸ್‌ಗೆ ನೊಬೆಲ್ ಬಂದು ಸರಿಯಾಗಿ ನೂರು ವರ್ಷಕ್ಕೆ, 2002ರಲ್ಲಿ, ಮನುಷ್ಯರಿಗೆ ಅತ್ಯಂತ ಅಪಾಯಕಾರಿಯಾದ ಪ್ಲಾಸ್ಮೋಡಿಯಂ ಫ್ಯಾಲ್ಸಿಪಾರಂನ ಜೀನೋಮ್ ಪ್ರಕಟವಾಯಿತು. 14 ವರ್ಣತಂತುಗಳು, ಸುಮಾರು 2.3 ಕೋಟಿ ಬೇಸ್ ಜೋಡಿಗಳು, ಸುಮಾರು 5,300 ಜೀನ್‌ಗಳು. ಅಕ್ಷರಗಳಲ್ಲಿ ಐದಕ್ಕೆ ನಾಲ್ಕು ಎ ಅಥವಾ ಟಿ. ಪರಾವಲಂಬಿಯ ಬದುಕು ಜೀನೋಮನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಅಮೈನೋ ಆಮ್ಲಗಳಲ್ಲಿ ಹೆಚ್ಚಿನವನ್ನು ತಯಾರಿಸುವ ಜೀನ್‌ಗಳು ಅದರಲ್ಲಿಲ್ಲ. ಅತಿಥೇಯನ ಹಿಮೋಗ್ಲೋಬಿನ್ನಿನಲ್ಲಿಯೇ ಅವು ಸಿಗುವಾಗ ಮನೆಯಲ್ಲಿ ಅಡುಗೆ ಬೇಕಿಲ್ಲ. ಇದಕ್ಕೆ ವಿರುದ್ಧವಾಗಿ, ವೇಷ ಬದಲಿಸುವ ಜೀನ್‌ಗಳು ಹೆಚ್ಚಿವೆ. ವಾರ್ ಎಂಬ ಹೆಸರಿನ ಸುಮಾರು 60 ಜೀನ್‌ಗಳಲ್ಲಿ ಒಂದು ಸಲಕ್ಕೆ ಒಂದನ್ನು ಬಳಸಿ ಅದು ರಕ್ತಕಣದ ಮೇಲ್ಮೈಯ ಪ್ರೋಟೀನನ್ನು ಬದಲಿಸುತ್ತದೆ. ನಮ್ಮ ರೋಗನಿರೋಧಕ ಶಕ್ತಿ ಒಂದು ವೇಷವನ್ನು ಗುರುತಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಇನ್ನೊಂದು ಸಂಗತಿ ಮಕ್ಕಳನ್ನು ನಿಜಕ್ಕೂ ಬೆರಗುಗೊಳಿಸಿತು. ಈ ಪರಾವಲಂಬಿಯೊಳಗೆ ಎಪಿಕೋಪ್ಲಾಸ್ಟ್ ಎಂಬ ಪುಟ್ಟ ಕಣದಂಗವಿದೆ, ಅದಕ್ಕೆ ತನ್ನದೇ ಡಿಎನ್‌ಎ ಇದೆ. ಬಹಳ ಹಿಂದೆ ಇದರ ಪೂರ್ವಜರು ಒಂದು ಪಾಚಿಯ ಕೋಶವನ್ನು ನುಂಗಿ ಒಳಗೇ ಉಳಿಸಿಕೊಂಡಿದ್ದವು. ಎಲೆಯ ಹಸಿರುಕಣಕ್ಕೆ ಸಂಬಂಧಿಯಾದ ಆ ಅಂಗದ ಅವಶೇಷವೇ ಎಪಿಕೋಪ್ಲಾಸ್ಟ್. ಬೆಳಕಿನಿಂದ ಆಹಾರ ಮಾಡುವ ಶಕ್ತಿ ಹೋಗಿದೆ, ಆದರೆ ಅದಿಲ್ಲದೆ ಪರಾವಲಂಬಿ ಬದುಕಲಾರದು. ಡಾಕ್ಸಿಸೈಕ್ಲಿನ್‌ನಂಥ ಔಷಧಗಳು ಪೆಟ್ಟು ಕೊಡುವುದು ಇಲ್ಲಿಯೇ.

ಎರಡನೇ ಪಾಠ

ಮುಂದಿನ ವಾರ ಪುನರಾವರ್ತನೆಯ ಅವಧಿಯಲ್ಲಿ ಅದೇ ತರಗತಿಗೆ ಹೋದೆ. ಹಳೆಯ ಚಾರ್ಟಿನ ಕೊನೆಯ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿದ್ದೆ. ಆರು ಗುಂಪುಗಳಿಗೆ ಒಂದೊಂದು ಕಾರ್ಡು ಕೊಟ್ಟೆ: ರಕ್ತ 1880, ಹೊಟ್ಟೆ 1897, ಹಕ್ಕಿಯ ಪ್ರಯೋಗದ ಲಾಲಾಗ್ರಂಥಿ 1898, ಮನುಷ್ಯರಲ್ಲಿ ಪೂರ್ತಿ ಚಕ್ರ 1898, ಯಕೃತ್ತು 1948, ಜೀನೋಮ್ 2002. ಜೊತೆಗೆ ಕಂಡವರ ಹೆಸರು, ಊರು. ಪ್ರತಿ ಗುಂಪು ತನ್ನ ಕಥೆ ಹೇಳಿ ಕಾರ್ಡನ್ನು ಸರಿಯಾದ ಜಾಗದಲ್ಲಿ ಅಂಟಿಸಬೇಕು. ರಾಸ್ ಅವರ ನಾಲ್ಕು ತೊಡಕುಗಳನ್ನು ನಾನು ಹೇಳಿದೆ.

ಕಾರ್ಡುಗಳೆಲ್ಲ ಅಂಟಿದ ಮೇಲೆ ಮಕ್ಕಳೇ ಒಂದು ವಿಷಯ ಕಂಡುಕೊಂಡರು. ಕಡಿತದ ನಂತರ ಮೊದಲು ಬರುವ ಯಕೃತ್ತು ಗೊತ್ತಾಗಿದ್ದು ಎಲ್ಲ ಹಂತಗಳಿಗಿಂತ ಕೊನೆಗೆ. ಪ್ರಕೃತಿಯಲ್ಲಿ ಹಂತಗಳು ಬರುವ ಕ್ರಮವೇ ಬೇರೆ, ಮನುಷ್ಯ ಅವನ್ನು ತಿಳಿದ ಕ್ರಮವೇ ಬೇರೆ. ಮೂರನೇ ಬೆಂಚಿನ ಹುಡುಗಿ ಎದ್ದು, ತಾನು ನೋಡುತ್ತಿರುವುದು ತಪ್ಪು ಸೊಳ್ಳೆ ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ, ಅದಕ್ಕೇ ಎರಡು ವರ್ಷ ಬೇಕಾಯಿತು ಎಂದು ತನ್ನ ಪ್ರಶ್ನೆಗೆ ತಾನೇ ಉತ್ತರ ಹೇಳಿದಳು.

ಆಗ ಹಿಂದಿನಿಂದ ಇನ್ನೊಂದು ಪ್ರಶ್ನೆ ಬಂತು. ಜ್ವರ ಬಂದು ಮಲಗಿದ್ದ ಮನುಷ್ಯನಿಗೆ ಒಂದಾಣೆ ಕೊಟ್ಟು ಸೊಳ್ಳೆಯಿಂದ ಕಚ್ಚಿಸಿದ್ದು ಸರಿಯೇ ಎಂದು ಹುಡುಗನೊಬ್ಬ ಕೇಳಿದ. ಈ ಬಾರಿ ನಾನು ಅವಸರ ಮಾಡಲಿಲ್ಲ. ಇಂದು ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಎಲ್ಲವನ್ನೂ ತಿಳಿಸಿ ಹೇಳಿದ ಮೇಲೆ ರೋಗಿಯ ಲಿಖಿತ ಒಪ್ಪಿಗೆ ಬೇಕು, ಅಂದು ಆ ನಿಯಮಗಳಿರಲಿಲ್ಲ ಎಂದೆ. ಸೇನೆಯ ಅಧಿಕಾರಿಯಾಗಿದ್ದ ವೈದ್ಯರಿಗೆ ಬಡ ರೋಗಿಯೊಬ್ಬ ಬೇಡವೆನ್ನುವುದು ಎಷ್ಟು ಸುಲಭವಿತ್ತು, ನೀವೇ ಯೋಚಿಸಿ ಎಂದೆ. ಐದು ನಿಮಿಷ ಚರ್ಚೆ ನಡೆಯಿತು, ಎಲ್ಲರೂ ಒಂದೇ ತೀರ್ಮಾನಕ್ಕೆ ಬರಲಿಲ್ಲ. ಆದರೆ ಚಾರ್ಟಿನ 1897ರ ಕಾರ್ಡಿನಲ್ಲಿ ರಾಸ್ ಹೆಸರಿನ ಪಕ್ಕ ಹುಸೇನ್ ಖಾನ್ ಹೆಸರೂ ಇರಬೇಕು ಎಂದು ಎಲ್ಲರೂ ಒಪ್ಪಿದರು. ಹುಡುಗನೇ ಬಂದು ಸ್ಕೆಚ್ ಪೆನ್ನಿನಲ್ಲಿ ಬರೆದ.

ಜೀವನಚಕ್ರದ ಚಾರ್ಟು ಬರೆಯುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ. ಬಾಣಗಳ ಮೇಲೆ ಇಸವಿಗಳನ್ನೂ ಬರೆಯಿರಿ, ದಾರಿ ತಪ್ಪಿದ ಕಡೆ ಅದನ್ನೂ ಗುರುತಿಸಿ. ಪಾಠಕ್ಕೆ ಹತ್ತು ನಿಮಿಷ ಹೆಚ್ಚು ಬೇಕಾಗುತ್ತದೆ, ಯೋಜನೆಯಲ್ಲಿ ಮೊದಲೇ ಅದಕ್ಕೆ ಜಾಗ ಇಟ್ಟುಕೊಳ್ಳಿ. ನನ್ನ ಅವಧಿಯಂತೂ ಗಂಟೆ ಹೊಡೆದ ಮೇಲೂ ಮುಗಿಯಲಿಲ್ಲ. ಆ ಚಾರ್ಟು ಈಗಲೂ ಆ ತರಗತಿಯ ಗೋಡೆಯ ಮೇಲಿದೆ.